ಕುರಿ ಕಾಯುವ ತಳಿಯ ಬೆರಕೆ ನಾಯಿಮರಿಗೆ 4 ತಿಂಗಳು. ಅಜಿಲಿಟಿ (ನಾಯಿಗಳ ಅಡೆತಡೆ ಓಟದ ಆಟ) ತರಬೇತಿ ಈಗಲೇ ಶುರು ಮಾಡಬಹುದೇ?

ಶುರು ಮಾಡಿ, ಆದರೆ ಜಿಗಿತ ಬೇಡ. ಮೂಳೆಯ ತುದಿಯಲ್ಲಿ ಬೆಳೆಯುವ ಮೃದು ಭಾಗ ಪೂರ್ತಿ ಗಟ್ಟಿಯಾಗಲು ಸುಮಾರು 12ರಿಂದ 18 ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಜಿಗಿದು ದಾಟುವ ಅಡ್ಡಕೋಲು (ಬಾರ್) ನೆಲದ ಮೇಲೇ ಇರಲಿ, ವೀವ್ ಪೋಲ್ (ನಾಯಿ ಅತ್ತಿತ್ತ ನುಸುಳಿ ಓಡುವ ಕಂಬಗಳ ಸಾಲು) ತಂಟೆಗೆ ಹೋಗಬೇಡಿ.

ಈಗ ಕಲಿಸಬೇಕಾದದ್ದು ಹಿಂಗಾಲಿನ ಅರಿವು. ಮರಿಗೆ ಹಿಂಗಾಲು ಎಂದರೆ ತನ್ನ ಹಿಂದೆ ಎಳೆದುಕೊಂಡು ಬರುವ ಗಾಡಿ ಇದ್ದ ಹಾಗೆ! 30 ಸೆಂ.ಮೀ. ಅಗಲದ, ಜಾರದ ಹಲಗೆಯನ್ನು ನೆಲದ ಮೇಲಿಡಿ. ಮರಿ ಅದರ ಮೇಲೆ ನಡೆದು ಬಂದು, ಮುಂಗಾಲು ನೆಲ ಮುಟ್ಟಿ ಹಿಂಗಾಲು ಹಲಗೆಯಲ್ಲೇ ಇರುವ ಕ್ಷಣಕ್ಕೆ 'ಯೆಸ್' ಎಂದು, ತಿನಿಸನ್ನು ಮುಂಗಾಲುಗಳ ನಡುವೆ ನೆಲದಲ್ಲೇ ಕೊಡಿ. ಕೈ ಎತ್ತಿ ಕೊಟ್ಟರೆ ಮರಿ ಮುಂದಕ್ಕೆ ಹಾರುತ್ತದೆ, ಹಿಂಗಾಲೂ ಇಳಿದುಬಿಡುತ್ತದೆ. ಮುಂದೆ, ಹತ್ತಿ ಇಳಿಯುವ ಎರಡು ಇಳಿಜಾರು ಹಲಗೆಗಳ ಅಡೆತಡೆಯಾದ ಎ-ಫ್ರೇಮ್‌ನ ಕೆಳಭಾಗವನ್ನು ಹಾರಿ ದಾಟುವ ಚಟ ಹತ್ತುವುದು ಹೀಗೆಯೇ. ಒಂದು ಸಲಕ್ಕೆ 3 ನಿಮಿಷ, ದಿನಕ್ಕೆ ಎರಡು ಸಲ ಸಾಕು. ಟನೆಲ್ (ನಾಯಿ ಒಳಗೆ ನುಗ್ಗಿ ಹೋಗುವ ಕೊಳವೆ) ಗಿಡ್ಡವಾಗಿ, ನೆಟ್ಟಗೆ ಇಟ್ಟರೆ ಹೆಚ್ಚಿನ ಮರಿಗಳು ತಾವೇ ನುಗ್ಗುತ್ತವೆ.

ನಿಜವಾದ ತಲೆನೋವು ಓಡುವುದನ್ನೆಲ್ಲ ಅಟ್ಟುವ ಹುಟ್ಟುಗುಣ. ನೀವು ಓಡಿದರೆ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಗದರಬೇಡಿ, ಗಕ್ಕನೆ ನಿಂತುಬಿಡಿ. ಓಟವೇ ಅದಕ್ಕೆ ಬಹುಮಾನ. ಆಮೇಲೆ ನಡಿಗೆಯ ವೇಗದಲ್ಲಿ, ಮರಿ ನಿಮ್ಮ ಮೊಣಕಾಲಿನ ಪಕ್ಕಕ್ಕೆ ಬಂದಾಗ ಅಲ್ಲೇ ತಿನಿಸು ಕೊಡಿ. ಹತ್ತಕ್ಕೆ ಎಂಟು ಸಲ ಸರಿಯಾದ ಮೇಲಷ್ಟೇ ವೇಗ ಹೆಚ್ಚಿಸಿ. ಬೇರೆ ನಾಯಿಗಳ ಓಟಕ್ಕೆ ಕಣ್ಣು ನೆಟ್ಟು ಕೂರಲು ಬಿಡಬೇಡಿ. ಮೂಗಿನ ಮುಂದೆ ಹಿಡಿದ ತಿನಿಸನ್ನೂ ಮೂಸದಿದ್ದರೆ ಮೈದಾನಕ್ಕೆ ತೀರಾ ಹತ್ತಿರ ನಿಂತಿದ್ದೀರಿ ಎಂದರ್ಥ. ಇನ್ನಷ್ಟು ಹಿಂದೆ ಸರಿಯಿರಿ.