ಓದುಗರ ಪ್ರಶ್ನೆ: ಮುಚ್ಚಿಹೋದ ಚಿತ್ರಮಂದಿರದ ನೆನಪುಗಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮನೆಯ ಹತ್ತಿರವಿದ್ದು ಈಗ ಬಾಗಿಲು ಹಾಕಿರುವ ಚಿತ್ರಮಂದಿರಗಳ ಕುರಿತಾಗಿವೆ. ಹಳಹಳಿಕೆಯ ಪತ್ರಗಳಿಗೆ ಉತ್ತರ ಬರೆಯುವುದು ಕಷ್ಟ. ಆದ್ದರಿಂದ ನೆನಪಿನಲ್ಲಿ ಉಳಿದ ಯಾವುದೋ ಒಂದು ಸಂಗತಿಯನ್ನು ಹಿಡಿದು ಅದರ ಕಾರಣವನ್ನು ಕೇಳಿರುವ ಪತ್ರಗಳನ್ನು ಮಾತ್ರ ಇಲ್ಲಿ ಆಯ್ದುಕೊಳ್ಳಲಾಗಿದೆ.

ಪ್ರಶ್ನೆ: ನಮ್ಮ ಬೀದಿಯ ಚಿತ್ರಮಂದಿರದಲ್ಲಿ ಪರದೆಯ ಬಲಭಾಗದ ಮೇಲ್ಮೂಲೆಯಲ್ಲಿ ಆಗಾಗ ಒಂದು ದುಂಡನೆಯ ಚುಕ್ಕೆ ಫಕ್ಕನೆ ಮೂಡಿ ಮಾಯವಾಗುತ್ತಿತ್ತು. ಫಿಲ್ಮು ಹಾಳಾಗಿದೆ ಎಂದು ದೊಡ್ಡವರು ಹೇಳುತ್ತಿದ್ದರು. ಅದೇ ಚಿತ್ರಗಳನ್ನು ಈಗ ಟಿವಿಯಲ್ಲಿ ನೋಡಿದರೆ ಚುಕ್ಕೆ ಕಾಣುವುದೇ ಇಲ್ಲ. ಏನದು?

ಉತ್ತರ: ಅದು ಪ್ರೊಜೆಕ್ಟರ್ ಆಪರೇಟರನಿಗಾಗಿ ಬೇಕೆಂದೇ ಹಾಕಿದ ಗುರುತು. 35 ಮಿಲಿಮೀಟರ್ ಫಿಲ್ಮು ಸೆಕೆಂಡಿಗೆ 24 ಫ್ರೇಮುಗಳಂತೆ, ನಿಮಿಷಕ್ಕೆ 90 ಅಡಿ ಓಡುತ್ತದೆ. ಆ ಲೆಕ್ಕದಲ್ಲಿ ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ಫಿಲ್ಮು ಬೇಕು. ಅಷ್ಟನ್ನೂ ಒಂದೇ ಸುರುಳಿಯಾಗಿ ಸಾಗಿಸಲಾಗದ ಕಾರಣ ಅದನ್ನು ಹೆಚ್ಚೆಂದರೆ 2,000 ಅಡಿಯ ರೀಲುಗಳಾಗಿ ತುಂಡರಿಸುತ್ತಿದ್ದರು, ಮತ್ತು ತುಂಬಿದ ಒಂದು ರೀಲು ಸುಮಾರು 22 ನಿಮಿಷಕ್ಕೆ ಮುಗಿಯುತ್ತಿತ್ತು. ಕ್ಯಾಬಿನ್ನಿನಲ್ಲಿ ಅಕ್ಕಪಕ್ಕ ಎರಡು ಪ್ರೊಜೆಕ್ಟರುಗಳು ಇರುತ್ತಿದ್ದುದು ಇದಕ್ಕಾಗಿಯೇ. ರೀಲು ಮುಗಿಯಲು ಸುಮಾರು 8 ಸೆಕೆಂಡು ಇರುವಾಗ ಮೊದಲ ಚುಕ್ಕೆ ಬಂದರೆ ಆಪರೇಟರ್ ಎರಡನೆಯ ಯಂತ್ರದ ಮೋಟಾರು ಚಾಲೂ ಮಾಡಬೇಕು. ಒಂದು ಸೆಕೆಂಡು ಇರುವಾಗ ಎರಡನೆಯ ಚುಕ್ಕೆ ಕಂಡೊಡನೆ ಬೆಳಕನ್ನೂ ಧ್ವನಿಯನ್ನೂ ಅತ್ತ ಹೊರಳಿಸಬೇಕು. ಪ್ರತಿ ಚುಕ್ಕೆಯೂ ನಾಲ್ಕು ಫ್ರೇಮುಗಳಲ್ಲಿ ಮಾತ್ರ ಇರುತ್ತಿತ್ತು, ಎಂದರೆ ಸೆಕೆಂಡಿನ ಆರನೆಯ ಒಂದು ಭಾಗ.

ಚಿತ್ರ ಓಡುತ್ತಿರುವಾಗಲೇ ಆತನಿಗೆ ಬೇರೆ ಕೆಲಸವೂ ಇರುತ್ತಿತ್ತು. ಹಳೆಯ ಯಂತ್ರಗಳಲ್ಲಿ ಬೆಳಕು ಬರುತ್ತಿದ್ದುದು ಎರಡು ಇಂಗಾಲದ ಕಡ್ಡಿಗಳ ನಡುವೆ ಉರಿಯುವ ವಿದ್ಯುತ್ ಕಿಡಿಯಿಂದ. ಕಡ್ಡಿಗಳು ಉರಿದುರಿದು ಸವೆಯುತ್ತಿದ್ದುದರಿಂದ ಅವುಗಳ ನಡುವಿನ ಅಂತರವನ್ನು ಆಗಾಗ ಸರಿಪಡಿಸದೆ ಹೋದರೆ ಪರದೆ ಮಂಕಾಗುತ್ತಿತ್ತು. ಹೀರೋ ಮುಖ ಕಪ್ಪಿಟ್ಟಿತೆಂದು ಕೆಳಗಿನಿಂದ ಶಿಳ್ಳೆ ಬೀಳುತ್ತಿದ್ದುದು ಅಂಥ ಗಳಿಗೆಯಲ್ಲಿ. 1950ರ ದಶಕದಿಂದ ಬಳಕೆಗೆ ಬಂದ ಕ್ಸೆನಾನ್ ದೀಪ ಈ ಕಾಟವನ್ನು ತಪ್ಪಿಸಿತು. ಆಮೇಲೆ ಇಡೀ ಚಿತ್ರವನ್ನು ಅಂಟಿಸಿ ದೊಡ್ಡ ತಟ್ಟೆಯ ಮೇಲೆ ಮಲಗಿಸಿ ಓಡಿಸುವ ಏರ್ಪಾಡು ಬಂದಾಗ ಚುಕ್ಕೆಯ ಅಗತ್ಯವೂ ತಪ್ಪಿತು, ಆದರೂ ಅದು ಎಷ್ಟೋ ಪ್ರತಿಗಳಲ್ಲಿ ಉಳಿದುಕೊಂಡಿತ್ತು. ಡಿಜಿಟಲ್ ಪ್ರತಿಯಲ್ಲಿ ರೀಲು ಬದಲಿಸುವ ಮಾತೇ ಇಲ್ಲವಾದ್ದರಿಂದ ನಿಮಗೆ ಅದು ಕಾಣುವುದಿಲ್ಲ.

ಇನ್ನೊಂದನ್ನು ನೆನಪಿಸಿಕೊಳ್ಳಿ. ಫಿಲ್ಮು ತುಂಡಾಗಿ ಅಂಟಿಸಿದ ಜಾಗ ಬಂದಾಗ ಮೊದಲು ಚಿತ್ರ ಹಾರುತ್ತಿತ್ತು, ಕ್ಷಣ ಬಿಟ್ಟು ಮಾತು ಹಾರುತ್ತಿತ್ತು. ಧ್ವನಿಯನ್ನು ಓದುವ ಭಾಗವು ಚಿತ್ರದ ಕಿಂಡಿಗಿಂತ ಸುಮಾರು 20 ಫ್ರೇಮು ಕೆಳಗಿದ್ದುದೇ ಅದಕ್ಕೆ ಕಾರಣ: ಅಂಟು ಕಿಂಡಿಯನ್ನು ದಾಟಿ ಅಲ್ಲಿಗೆ ತಲುಪಲು ಸೆಕೆಂಡಿಗೆ ತುಸು ಕಡಿಮೆ ಹೊತ್ತು ಹಿಡಿಯುತ್ತಿತ್ತು.

ಪ್ರಶ್ನೆ: ಒಮ್ಮೆ ದೃಶ್ಯ ನಿಂತಲ್ಲೇ ನಿಂತು, ನಡುವೆ ಕಂದು ಬೊಬ್ಬೆಯೆದ್ದು, ಇಡೀ ಪರದೆ ಬೆಳ್ಳಗಾಯಿತು. ಬೆಂಕಿ ಹೊತ್ತಿತೆಂದು ಜನ ಎದ್ದರು. ನಿಜವಾಗಿ ಅಪಾಯವಿತ್ತೇ?

ಉತ್ತರ: ಬಹುಶಃ ಇರಲಿಲ್ಲ. ಓಡುವ ಫಿಲ್ಮು ತಡೆದು ನಿಂತರೆ ದೀಪದ ಶಾಖವೆಲ್ಲ ಒಂದೇ ಫ್ರೇಮಿನ ಮೇಲೆ ಬಿದ್ದು ಅದು ಕರಗುತ್ತದೆ. 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮಾಗಿದ್ದರೆ ಅದು ಭುಗಿಲೆದ್ದು ಉರಿಯುತ್ತಿತ್ತು. ಕ್ಯಾಬಿನ್ನಿನ ಕಿಂಡಿಗಳಿಗೆ ತಾನಾಗಿ ಬೀಳುವ ಕಬ್ಬಿಣದ ಮುಚ್ಚಳಗಳನ್ನು ಇಡುತ್ತಿದ್ದುದು ಆ ಭಯಕ್ಕೆ. ಅನಂತರದ ಅಸಿಟೇಟ್ ಫಿಲ್ಮು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ.

ಪ್ರಶ್ನೆ: ಚಿತ್ರಮಂದಿರ ಕೆಡವಿದಾಗ ಆಯ್ದುಕೊಂಡ ಒಂದು ಫಿಲ್ಮಿನ ತುಂಡು ನನ್ನ ಬಳಿ ತಗಡಿನ ಡಬ್ಬಿಯಲ್ಲಿದೆ. ಮೊನ್ನೆ ತೆರೆದರೆ ಹುಳಿ ವಾಸನೆ ಬಂತು, ಬಣ್ಣವೆಲ್ಲ ಕೆಂಪಗಾಗಿದೆ. ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಅದು ವಿನೆಗರ್ ವಾಸನೆಯೇ. ಅಸಿಟೇಟ್ ಶಿಥಿಲವಾಗುವಾಗ ಅಸಿಟಿಕ್ ಆಮ್ಲ ಹೊರಬರುತ್ತದೆ, ಆ ಆಮ್ಲವೇ ಮತ್ತೆ ಶಿಥಿಲತೆಯನ್ನು ಚುರುಕುಗೊಳಿಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಆವಿ ಒಳಗೇ ಉಳಿದು ಕೆಲಸ ಇನ್ನಷ್ಟು ಕೆಡುತ್ತದೆ. ಹಿಂದಕ್ಕೆ ತರುವ ಉಪಾಯವಿಲ್ಲ, ನಿಧಾನಗೊಳಿಸಬಹುದು ಅಷ್ಟೇ. ಡಬ್ಬಿಯಿಂದ ತೆಗೆದು, ಆಮ್ಲರಹಿತ ಕಾಗದದಲ್ಲಿಟ್ಟು, ತಂಪಾದ ಒಣ ಜಾಗದಲ್ಲಿ ಬೇರೆ ಫೋಟೋ ಮತ್ತು ನೆಗೆಟಿವ್‌ಗಳಿಂದ ದೂರ ಇಡಿ. ಕೆಂಪಿನ ಕಾರಣವೇ ಬೇರೆ: ಆ ಕಾಲದ ಬಹಳಷ್ಟು ಬಣ್ಣದ ಪ್ರತಿಗಳಲ್ಲಿ ಹಸಿರುನೀಲಿ ವರ್ಣಕ ಮೊದಲು ಮಾಸುತ್ತಿತ್ತು, ಉಳಿದ ವರ್ಣಕಗಳು ಕೆಂಪಗೆ ಕಾಣುತ್ತವೆ. ಹಿಂದಿನಿಂದ ಬಿಳಿ ಬೆಳಕು ಕೊಟ್ಟು ಈಗಲೇ ಒಂದು ಒಳ್ಳೆಯ ಛಾಯಾಚಿತ್ರ ತೆಗೆದಿಡಿ. ಮುಂದಿನ ವರ್ಷಕ್ಕೆಂದು ಮುಂದೂಡಬೇಡಿ. ತುಂಡಿನ ಅಂಚಿನಲ್ಲಿ ನೈಟ್ರೇಟ್ ಎಂದು ಅಚ್ಚಾಗಿದ್ದರೆ ಮಾತ್ರ ಮನೆಯಲ್ಲಿಟ್ಟುಕೊಳ್ಳದೆ ಚಲನಚಿತ್ರ ಸಂಗ್ರಹಾಗಾರದವರನ್ನು ಕೇಳಿ.

ಪ್ರಶ್ನೆ: ಬಾಲ್ಕನಿಯ ಮೆಟ್ಟಿಲು ಎಡಕ್ಕಿತ್ತೆಂದು ನಾನು, ಬಲಕ್ಕಿತ್ತೆಂದು ನನ್ನ ತಂಗಿ. ಕಟ್ಟಡವೇ ಇಲ್ಲ. ತೀರ್ಮಾನ ಹೇಗೆ?

ಉತ್ತರ: ಇಬ್ಬರೂ ಸರಿಯಿರಬಹುದು, ಪರದೆಗೆ ಮುಖ ಮಾಡಿ ಹೇಳುತ್ತಿದ್ದೀರೋ ಬೆನ್ನು ಮಾಡಿಯೋ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಸುಮಾರು 10ರಿಂದ 30 ವಯಸ್ಸಿನ ನಡುವಿನ ನೆನಪುಗಳು ಉಳಿದ ಕಾಲದವುಗಳಿಗಿಂತ ಹೆಚ್ಚು ಉಳಿಯುತ್ತವೆಂದು ಮನೋವಿಜ್ಞಾನಿಗಳು ಕಂಡುಕೊಂಡಿದ್ದಾರೆ, ಆದರೆ ಕಣ್ಣಿಗೆ ಕಟ್ಟಿದಂತಿರುವ ನೆನಪು ಸರಿಯಾಗಿಯೇ ಇರಬೇಕೆಂದಿಲ್ಲ. ವಾದಿಸುತ್ತ ಹೋದರೆ ಒಬ್ಬರ ನೆನಪು ಇನ್ನೊಬ್ಬರದಕ್ಕೆ ಬೆರೆತುಬಿಡುತ್ತದೆ. ಬೇರೆ ಬೇರೆ ಕೂತು ನಕ್ಷೆ ಬರೆಯಿರಿ, ಆಮೇಲೆ ಹೋಲಿಸಿ. ಜನ ಸೇರುವ ಕಟ್ಟಡಕ್ಕೆ ಬಹುತೇಕ ಎಲ್ಲೆಡೆ ಪರವಾನಗಿ ಬೇಕಿದ್ದುದರಿಂದ ಬಾಗಿಲು, ಆಸನಗಳನ್ನು ತೋರಿಸುವ ನಕ್ಷೆ ಯಾವುದಾದರೂ ಕಚೇರಿಯ ಕಡತದಲ್ಲಿ ಇದ್ದರೂ ಇದ್ದೀತು.

ಪ್ರಶ್ನೆ: ನಾವು ಹೋದಾಗಲೆಲ್ಲ ಹೌಸ್‌ಫುಲ್ ಇರುತ್ತಿತ್ತು. ಹಾಗಿದ್ದೂ ಮುಚ್ಚಿದ್ದೇಕೆ?

ಉತ್ತರ: ನೀವು ಹೋಗುತ್ತಿದ್ದುದು ಎಲ್ಲರೂ ಹೋಗುವ ದಿನ. ಮಾಲೀಕನ ಲೆಕ್ಕದಲ್ಲಿ ವಾರದ ನಡುವಿನ ಖಾಲಿ ಆಟಗಳೂ ಇದ್ದವು. ಟಿವಿ, ವಿಡಿಯೋ, ಏರಿದ ಜಮೀನಿನ ಬೆಲೆ ಇವೆಲ್ಲ ಹಳೆಯ ಕಾರಣಗಳೇ. ಕೊನೆಯ ಪೆಟ್ಟು ಅನೇಕ ಕಡೆ ಡಿಜಿಟಲ್ ಬದಲಾವಣೆಯಿಂದ ಬಿತ್ತು. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು 2005ರಲ್ಲಿ ಒಂದು ತಾಂತ್ರಿಕ ಮಾನದಂಡವನ್ನು ಒಪ್ಪಿಕೊಂಡ ಮೇಲೆ, ಮುಂದಿನ ಸುಮಾರು ಹತ್ತು ವರ್ಷಗಳಲ್ಲಿ ಜಗತ್ತಿನ ಬಹುಪಾಲು ಪರದೆಗಳು ಫಿಲ್ಮನ್ನು ಬಿಟ್ಟವು. ಹೊಸ ಪ್ರತಿಗಳು ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಬರತೊಡಗಿದಾಗ ಹಳೆಯ ಪ್ರೊಜೆಕ್ಟರ್ ಗಟ್ಟಿಮುಟ್ಟಾಗಿದ್ದರೂ ಅದಕ್ಕೆ ಹಾಕಲು ಚಿತ್ರವಿರಲಿಲ್ಲ. ಹೊಸ ಯಂತ್ರದ ಖರ್ಚಿನ ಜೊತೆಗೆ ಒಂದು ಚಿತ್ರ ಸೋತರೆ ಇಡೀ ವಾರವೇ ಸೋಲುವ ಭಯವೂ ಒಂಟಿ ಪರದೆಯವನಿಗಿತ್ತು. ಹಲವು ಪರದೆಗಳಿದ್ದವರು ಸೋತ ಚಿತ್ರವನ್ನು ಸಣ್ಣ ಹಾಲಿಗೆ ತಳ್ಳಿ ಗೆದ್ದದ್ದನ್ನು ದೊಡ್ಡದಕ್ಕೆ ತರಬಹುದಾಗಿತ್ತು. ಜನ ಕೈಬಿಟ್ಟರೆಂದು ಮಾತ್ರ ಹೇಳುವುದು ನನ್ನ ಮಟ್ಟಿಗೆ ಅರ್ಧ ಸತ್ಯ.

ಪ್ರಶ್ನೆ: ನಮ್ಮ ಕಡೆಯ ಚಿತ್ರಮಂದಿರದ ನೆನಪುಗಳನ್ನು ಒಟ್ಟು ಮಾಡಬೇಕೆಂದಿದ್ದೇವೆ. ಯಾರನ್ನು, ಏನು ಕೇಳಬೇಕು?

ಉತ್ತರ: "ಆಗ ಹೇಗನ್ನಿಸುತ್ತಿತ್ತು" ಎಂದು ಕೇಳಿದರೆ "ಅದೊಂದು ಸುವರ್ಣಯುಗ" ಎಂಬ ಉತ್ತರವೇ ಎಲ್ಲರಿಂದಲೂ ಬರುತ್ತದೆ. ಕೆಲಸದ ಬಗ್ಗೆ ಕೇಳಿ. ಟಿಕೆಟ್ ಹರಿಯುತ್ತಿದ್ದವರನ್ನು ಉಳಿದ ಅರ್ಧ ಏನಾಗುತ್ತಿತ್ತೆಂದು, ಟಾರ್ಚ್ ಹಿಡಿದವರನ್ನು ಕತ್ತಲಲ್ಲಿ ಖಾಲಿ ಕುರ್ಚಿಯನ್ನು ಹೇಗೆ ಗುರುತಿಸುತ್ತಿದ್ದರೆಂದು, ಆಟ ಮುಗಿದ ಮೇಲೆ ಗುಡಿಸುತ್ತಿದ್ದವರನ್ನು ಕುರ್ಚಿಗಳ ಕೆಳಗೆ ಏನೇನು ಸಿಗುತ್ತಿತ್ತೆಂದು ಕೇಳಿ. ಚಿತ್ರದ ಹೆಸರು ಸಿಕ್ಕರೆ ಹಳೆಯ ಪತ್ರಿಕೆಗಳ ಜಾಹೀರಾತಿನಿಂದ ತಾರೀಖನ್ನು ಹುಡುಕಬಹುದು. ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಪ್ರತಿಗಳನ್ನು ಎರಡು ಕಡೆ ಇಡಿ. ಪ್ರೇಕ್ಷಕರ ಸರದಿ ನಿಧಾನವಾಗಿ ಬಂದರೂ ನಡೆದೀತು, ಅವರು ಬಹಳ ಮಂದಿ ಇದ್ದಾರೆ. ಮೊದಲು ಹೋಗಬೇಕಾದದ್ದು ಆಪರೇಟರನ ಮನೆಗೆ, ಸಾಧ್ಯವಾದರೆ ವಿಡಿಯೋ ಕ್ಯಾಮೆರಾ ಹಿಡಿದು, ಏಕೆಂದರೆ ರೀಲು ಹೊರಳಿಸುವ ಕ್ರಮವನ್ನು ಅವರು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ತೋರಿಸುವುದೇ ಹೆಚ್ಚು.