ನಮ್ಮ ಡಿಎನ್‌ಎಯೊಳಗಿನ ಹಳೇ ವೈರಸ್‌ಗಳಿಂದ ಲೂಪಸ್ ಬರುತ್ತದಾ?

ಉಡುಪಿಯಲ್ಲಿರುವ ನನ್ನ ಚಿಕ್ಕಮ್ಮನಿಗೂ ಲೂಪಸ್ (ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದ ಮೇಲೆಯೇ ಬೀಳುವ ಕಾಯಿಲೆ) ಇದೆ, ಹಾಗಾಗಿ ಈ ಪ್ರಶ್ನೆ ನನ್ನನ್ನೂ ಕಾಡಿತ್ತು. ನಮ್ಮ ಡಿಎನ್‌ಎಯಲ್ಲಿ ಸುಮಾರು ಶೇ. 8 ಭಾಗ, ಕೋಟಿಗಟ್ಟಲೆ ವರ್ಷಗಳಿಂದ ನಮ್ಮ ಪೂರ್ವಜರಿಗೆ ತಗುಲಿದ ರೆಟ್ರೋವೈರಸ್‌ಗಳ (ತಮ್ಮ ಜೀನ್‌ಗಳನ್ನು ಜೀವಕೋಶದ ಡಿಎನ್‌ಎಗೇ ಸೇರಿಸಿಬಿಡುವ ವೈರಸ್‌ಗಳು) ಉಳಿಕೆ. ಗುತ್ತಿನ ಮನೆಯ ಅಟ್ಟದಲ್ಲಿ ಬಿದ್ದಿರುವ ಹಳೇ ಸಾಮಾನಿನ ಹಾಗೆ. ಹೆಚ್ಚಿನವು ಕೆಟ್ಟುಹೋಗಿವೆ, ಉಳಿದವನ್ನು ಜೀವಕೋಶ ಸುಮ್ಮನಿರಿಸಿರುತ್ತದೆ. ಆ ಹಿಡಿತ ಸಡಿಲವಾದರೆ ಕೆಲವು ಎದ್ದು ಪ್ರೋಟೀನ್ ತಯಾರಿಸುತ್ತವೆ. ಹೆಚ್ಚಿನವರಿಗೆ ಯಾವಾಗಲಾದರೂ ತಗುಲುವ ಎಪ್‌ಸ್ಟೀನ್-ಬಾರ್ ಎಂಬ ಸಾಮಾನ್ಯ ವೈರಸ್ ಕೂಡ ಅವನ್ನು ಕೆಣಕಬಲ್ಲದು. ಆಗ ರೋಗನಿರೋಧಕ ವ್ಯವಸ್ಥೆ ಹೊರಗಿನ ವೈರಸ್ಸೇ ಬಂತು ಅಂದುಕೊಂಡು ನಮ್ಮ ಜೀವಕೋಶಗಳ ಮೇಲೆಯೇ ಬೀಳಬಹುದು. ಲೂಪಸ್ ಇರುವ ಹಲವರ ರಕ್ತದಲ್ಲಿ ಇಂಥ ಪ್ರೋಟೀನ್‌ಗಳ ವಿರುದ್ಧ ಆ್ಯಂಟಿಬಾಡಿಗಳು ಸಿಕ್ಕಿವೆ. ಆದರೂ ಇದೇ ಕಾರಣ ಅನ್ನಲಾಗದು. ಕಾಯಿಲೆಯಿಂದಾಗಿಯೇ ಅವು ಎದ್ದಿರಬಹುದು, ಅಲ್ವಾ? ಅಂದ ಹಾಗೆ, ಎಲ್ಲವೂ ಕಸವಲ್ಲ: ಗರ್ಭಿಣಿಯರಲ್ಲಿ ಮಾಸು ಬೆಳೆಯಲು ಬೇಕಾದ ಸಿನ್ಸಿಟಿನ್ ಪ್ರೋಟೀನ್ ಹಳೇ ವೈರಸ್ ಬಿಟ್ಟುಹೋದದ್ದೇ.