ತೊಗರಿಬೇಳೆಯಷ್ಟು ಗಂಟು

ಶಾರದಮ್ಮ (ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ) ಸಲಹೆಗೆ ಅಂತ ಬಂದು ನನ್ನೆದುರು ಕೂತಾಗಿನಿಂದ ಕತ್ತು ಒತ್ತಿ ನೋಡಿಕೊಳ್ಳುತ್ತಲೇ ಇದ್ದರು. ಸೆರಗು ಸರಿಮಾಡುವ ನೆಪ ಅಷ್ಟೆ.

ವಯಸ್ಸು 52. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಹುಟ್ಟುಹಬ್ಬಕ್ಕೆ ಅಂತ ಫುಲ್ ಬಾಡಿ ಚೆಕಪ್ ಮಾಡಿಸಿದ್ದ. ಸ್ಕ್ಯಾನ್‌ನಲ್ಲಿ ಥೈರಾಯ್ಡ್ ಗ್ರಂಥಿಯೊಳಗೆ 6 ಮಿಲಿಮೀಟರಿನ ಗಂಟು ಕಂಡಿತು. ತೊಗರಿಬೇಳೆಯಷ್ಟು. ನೋವಿಲ್ಲ, ನುಂಗಲು ಕಷ್ಟವಿಲ್ಲ. ನಿದ್ದೆ ಮಾತ್ರ ಹೋಗಿತ್ತು.

"ಆಪರೇಷನ್ ಮಾಡಿಸಿಬಿಡೋಣ ಅಂತಾನೆ ಮೇಡಂ. ಇದ್ದರೂ ಭಯ, ತೆಗೆಸಿದರೂ ಭಯ."

ನಾನು ಡಾಕ್ಟರ್ ಅಲ್ಲ, ಗಂಟು ಎಂಥದ್ದು ಅಂತ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಮಗನನ್ನೂ ಫೋನಿನಲ್ಲಿ ಕೂರಿಸಿಕೊಂಡು ದಕ್ಷಿಣ ಕೊರಿಯಾದ ಕಥೆ ಹೇಳಿದೆ. ಅಲ್ಲಿ 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಶುರು ಮಾಡಿತು. ಥೈರಾಯ್ಡ್ ಆ ಪಟ್ಟಿಯಲ್ಲೇ ಇರಲಿಲ್ಲ. ಆಸ್ಪತ್ರೆಗಳೇ ಸ್ವಲ್ಪ ದುಡ್ಡಿಗೆ ಕತ್ತಿನ ಸ್ಕ್ಯಾನ್ ಸೇರಿಸಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವುದು 1993ಕ್ಕಿಂತ 15 ಪಟ್ಟಾಯಿತು. ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಅಂದರೆ ಹೊಸದಾಗಿ ಸಿಕ್ಕಿದ್ದರಲ್ಲಿ ಹೆಚ್ಚಿನವು ಜೀವಕ್ಕೆ ಕುತ್ತು ತರುವಂಥವಲ್ಲ. ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಜೀವನಪೂರ್ತಿ ಮಾತ್ರೆಗೆ ಬಿದ್ದರು. ಕೆಲವರ ದನಿಯೂ ಹೋಯಿತು.

"ಬೇಗ ಗೊತ್ತಾದ್ರೆ ಒಳ್ಳೇದೇ ಅಲ್ವಾ?" ಅಂದ ಮಗ. ಪ್ರೀತಿಯ ಪ್ರಶ್ನೆ, ಸಿಟ್ಟು ಬರಲಿಲ್ಲ. ಕೆಲವು ಕಾಯಿಲೆಯಲ್ಲಿ ಹೌದು ಅಂದೆ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 30 ದಾಟಿದ ಹೆಂಗಸರಿಗೆ ಒಂದೇ ಒಂದು ಸಲ ಎಚ್‌ಪಿವಿ (ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆ ಮಾಡಿದ್ದಕ್ಕೆ ಗರ್ಭಕೊರಳಿನ ಕ್ಯಾನ್ಸರ್ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 2009ರಲ್ಲಿ ಬಂದ ಫಲಿತಾಂಶ ಅದು.

"ನೀವು ಮಾಡಿಸಿದ್ದೀರಾ?" ಅಂತ ಶಾರದಮ್ಮನನ್ನು ಕೇಳಿದೆ. ಇಲ್ಲ. ಅಷ್ಟುದ್ದದ ಪ್ಯಾಕೇಜಿನಲ್ಲಿ ಅದೊಂದೇ ಇರಲಿಲ್ಲ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಕೊಟ್ಟ ಸಲಹೆ ಇಷ್ಟು. ಆಪರೇಷನ್ ದಿನಾಂಕ ಹಿಡಿಯುವ ಮೊದಲು ಹಾರ್ಮೋನ್ ಡಾಕ್ಟರನ್ನು ಕಾಣಿ. ಇಷ್ಟು ಚಿಕ್ಕ ಗಂಟಿಗೆ ಸೂಜಿ ಪರೀಕ್ಷೆ ಬೇಕಾ, ಕಾದು ನೋಡಿದರೆ ಏನಾಗಬಹುದು, ಮುಂದಿನ ಸ್ಕ್ಯಾನ್ ಯಾವಾಗ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ದನಿ ಒಡೆದರೆ, ಗಂಟು ದೊಡ್ಡದಾದರೆ ಕಾಯಬೇಡಿ. ಕತ್ತು ಮುಟ್ಟಿ ನೋಡುವುದು ದಿನಕ್ಕೊಮ್ಮೆ, ಸ್ನಾನ ಆದಮೇಲೆ ಮಾತ್ರ. ಗರ್ಭಕೊರಳಿನ ಪರೀಕ್ಷೆ ಈ ತಿಂಗಳೇ ಆಗಲಿ.

ಆರು ವಾರ ಬಿಟ್ಟು ಬಂದರು. ಡಾಕ್ಟರು ಸೂಜಿ ಬೇಡ, ವರ್ಷ ಬಿಟ್ಟು ಸ್ಕ್ಯಾನ್ ಸಾಕು ಅಂದಿದ್ದರು. ಇನ್ನೊಂದು ಪರೀಕ್ಷೆಯೂ ಆಗಿತ್ತು. ನಿದ್ದೆ ಪೂರ್ತಿ ಬಂದಿಲ್ಲ, ರಾತ್ರಿ ಮೂರಕ್ಕೆ ಎಚ್ಚರವಾಗುತ್ತದಂತೆ.

ಮೊನ್ನೆ ಮಗ ಫೋನ್ ಮಾಡಿದ್ದ. ಅಪ್ಪನಿಗೂ ಅದೇ ಪ್ಯಾಕೇಜ್ ಬುಕ್ ಮಾಡಲಾ ಅಂತ. ಅಪ್ಪನ ಬಿಪಿ ನೋಡಿಸಿ ಎಷ್ಟು ದಿನವಾಯಿತು ಅಂತ ಕೇಳಿದೆ. ಗೊತ್ತಿರಲಿಲ್ಲ.